ಗೂಡು ಬಿಟ್ಟ ಮರಿಗೆ ಹಿತ್ತಿಲನ್ನು ಅಣಿಗೊಳಿಸುವ ಬಗೆ

ಫೆಬ್ರವರಿಯಿಂದ ಮುಂಗಾರು ಕಾಲೂರುವವರೆಗೆ ನಮ್ಮ ಊರುಗಳ ಕೈತೋಟ, ಹಿತ್ತಿಲು ಮತ್ತು ಬಾಲ್ಕನಿಯ ಕುಂಡಗಳಲ್ಲಿ ಹಕ್ಕಿಮರಿಗಳು ಒಂದರ ಹಿಂದೊಂದು ಗೂಡಿನಿಂದ ಹೊರಬರುತ್ತವೆ. ಅದೇ ಕಾಲದಲ್ಲಿ, ಮರಿಯೊಂದು ಗೂಡಿನಿಂದ ಬಿದ್ದಿದೆ, ತಾಯಿ ಬಿಟ್ಟುಹೋಗಿದೆ, ಏನು ತಿನ್ನಿಸಬೇಕು ಎಂಬ ಪ್ರಶ್ನೆಯೂ ಹತ್ತಾರು ಮನೆಗಳಿಂದ ಬರುತ್ತದೆ. ಹೀಗೆ ಕೇಳುವವರ ಕೈಯಲ್ಲಿರುವ ಮರಿಗಳಲ್ಲಿ ಎಷ್ಟೋ ಮರಿಗಳು ಬಿದ್ದವಲ್ಲ, ಅನಾಥವೂ ಅಲ್ಲ. ತಮ್ಮ ವಯಸ್ಸಿಗೆ ಸರಿಯಾಗಿ ಗೂಡು ಬಿಟ್ಟು, ಪೊದೆಯ ಬುಡದಲ್ಲಿ ಗುಟುಕಿಗಾಗಿ ಕಾದು ಕುಳಿತಿದ್ದಂಥವು. ಮರಿಯನ್ನು ಬೆಳೆಸುವ ಕೆಲಸ ಅದರ ತಂದೆತಾಯಿಯದು. ಅದು ಬೆಳೆಯುವ ಜಾಗವನ್ನು ಮೂರು ನಾಲ್ಕು ವಾರ ಅಪಾಯವಿಲ್ಲದಂತೆ ಇಟ್ಟುಕೊಳ್ಳುವ ಕೆಲಸ ಮನೆಯವರದು. ಈ ಎರಡು ಕೆಲಸಗಳನ್ನು ಬೆರೆಸದೆ ಇರುವುದು ಹೇಗೆ ಎಂಬುದನ್ನು, ಹೆಚ್ಚಾಗಿ ಕೆಮ್ಮೀಸೆ ಪಿಕಳಾರವನ್ನು ಮುಂದಿಟ್ಟುಕೊಂಡು, ಇಲ್ಲಿ ವಿವರಿಸಲಾಗಿದೆ. ಬೆಂಗಳೂರು, ಮೈಸೂರು, ಮಲೆನಾಡಿನ ಮನೆಗಳ ಸುತ್ತ ಸುಲಭವಾಗಿ ಕಾಣಸಿಗುವ, ಮನುಷ್ಯರ ಓಡಾಟಕ್ಕೆ ಅಷ್ಟಾಗಿ ಹೆದರದೆ ಕೈಗೆಟುಕುವ ಎತ್ತರದಲ್ಲೇ ಗೂಡು ಕಟ್ಟುವ ಹಕ್ಕಿ ಅದು.

ಹಾರಲು ಬಾರದ ಮುನ್ನವೇ ಗೂಡು ಬಿಡುವುದೇಕೆ

ಪಿಕಳಾರದ ಮರಿ ಮೊಟ್ಟೆಯೊಡೆದ 12 ದಿನಗಳ ಆಸುಪಾಸಿನಲ್ಲಿ ಗೂಡು ಬಿಡುತ್ತದೆ. ಸಿಂಪಿಗ ಹಕ್ಕಿಯ ಮರಿ ಸುಮಾರು ಎರಡು ವಾರ, ಗೊರವಂಕದ ಮರಿ ಮೂರು ವಾರಕ್ಕೂ ಹೆಚ್ಚು, ಕಾಗೆಯ ಮರಿ ಮೂರರಿಂದ ನಾಲ್ಕು ವಾರ, ಕಣಜದ ಗೂಬೆಯ ಮರಿ ಏಳೆಂಟು ವಾರ ಗೂಡಿನಲ್ಲಿರುತ್ತವೆ. ಪೊಟರೆ, ಸೂರು, ಗೋಡೆಯ ಬಿಲಗಳಂತಹ ಮರೆಯ ಜಾಗದಲ್ಲಿ ಹುಟ್ಟಿದ ಮರಿಗಳು ಸಾಮಾನ್ಯವಾಗಿ ನಿಧಾನವಾಗಿ ಹೊರಬರುತ್ತವೆ. ಬಟ್ಟಲಿನಂತೆ ಬಾಯ್ತೆರೆದ ಗೂಡಿನಲ್ಲಿ ಹುಟ್ಟಿದವುಗಳಿಗೆ ಅಷ್ಟು ಸಾವಧಾನ ಇರುವುದಿಲ್ಲ. ಮೂರು ಮರಿಗಳು ಒಂದೇ ಗೂಡಿನಲ್ಲಿ ಬಾಯಿ ತೆರೆದು ಕೂಗುತ್ತಿದ್ದರೆ ಕೆಂಬೂತಕ್ಕೋ ಕಾಗೆಗೋ ಗೂಡಿನ ಜಾಡು ಸಿಕ್ಕಿಬಿಡುತ್ತದೆ, ಸಿಕ್ಕರೆ ಮೂರೂ ಒಟ್ಟಿಗೆ ಹೋಗುತ್ತವೆ. ರೆಕ್ಕೆಗರಿ ಇನ್ನೂ ಅರ್ಧ ಬೆಳೆದಿರುವಾಗಲೇ ಹೊರಬಿದ್ದು ಒಂದೊಂದು ಮರಿ ಒಂದೊಂದು ಪೊದೆಯಲ್ಲಿ ಅಡಗಿದರೆ, ಒಂದು ಹೋದರೂ ಎರಡು ಉಳಿಯುವ ಸಾಧ್ಯತೆ ಇರುತ್ತದೆ. ಹಾರಾಟ ಕಲಿಯುವ ಮೊದಲೇ ಗೂಡು ಬಿಡುವುದು ಹೀಗೆ ಆ ಜಾತಿಯ ಬದುಕಿನ ಕ್ರಮವೇ ಆಗಿದೆ. ಹೊರಬಂದ ಮೊದಲ ವಾರವೇ ಮರಿಯ ಬದುಕಿನಲ್ಲಿ ಅತ್ಯಂತ ಗಂಡಾಂತರದ ಕಾಲವೆಂಬುದೂ ನಿಜ. ಆದುದರಿಂದಲೇ ಮನೆಯವರ ಎಚ್ಚರಿಕೆಯಲ್ಲಿ ಹೆಚ್ಚಿನ ಪಾಲು ಆ ವಾರಕ್ಕೆ ಮೀಸಲಾಗಬೇಕು.

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಮರಿಗಳ ಮೈಮೇಲಿನ ಗರಿಗಳು ಕೊಳವೆಯೊಳಗಿನಿಂದ ಒಡೆದು ಹೊರಬರಲು ಆರಂಭಿಸಿದ ಮೇಲೆ, ಪಿಕಳಾರದ ಲೆಕ್ಕದಲ್ಲಿ ಎಂಟು ಒಂಬತ್ತು ದಿನಗಳಾದ ಮೇಲೆ, ಗೂಡಿನೊಳಗೆ ಇಣುಕುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಆ ಹೊತ್ತಿಗೆ ಮರಿಗಳಿಗೆ ಭಯವೆಂಬುದು ಗೊತ್ತಾಗಿರುತ್ತದೆ. ಮೊಬೈಲ್ ಹಿಡಿದ ಕೈಯೊಂದು ಎಲೆಗಳ ನಡುವೆ ತೂರಿಬಂದರೆ ಎರಡು ಮೂರು ದಿನ ಮುಂಚಿತವಾಗಿಯೇ ನೆಗೆದು ಚದುರುತ್ತವೆ. ಹಾಗೆ ನೆಗೆದವನ್ನು ಹಿಡಿದು ಮತ್ತೆ ಗೂಡಿಗೆ ಹಾಕಿದರೆ ಕೈ ತೆಗೆದ ಕೂಡಲೇ ಪುನಃ ನೆಗೆಯುತ್ತವೆ, ಅದರಿಂದ ಸಾಧಿಸುವುದೇನೂ ಇಲ್ಲ. ಅಂತಹ ಮರಿಯನ್ನು ಹತ್ತಿರದ ದಟ್ಟ ಪೊದೆಯ ಕೊಂಬೆಯ ಮೇಲೆ ಕೂರಿಸಿ ಹಿಂದೆ ಸರಿಯುವುದೇ ಸರಿಯಾದ ಕ್ರಮ.

ನೆಲದ ಮೇಲೆ ಸಿಕ್ಕ ಮರಿ ಯಾವ ಹಂತದ್ದು

ಮಾಡಬೇಕಾದ ಕೆಲಸವೆಲ್ಲ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವುದರಿಂದ, ಮರಿಯನ್ನು ಎತ್ತಿಕೊಳ್ಳುವ ಮೊದಲು ಎರಡು ನಿಮಿಷ ನಿಂತು ನೋಡುವುದು ಅಗತ್ಯ. ಮೈ ಬೋಳಾಗಿದ್ದು ಕಣ್ಣು ಮುಚ್ಚಿದ್ದರೆ, ಅಥವಾ ಕಣ್ಣು ತೆರೆದಿದ್ದರೂ ಮೈಮೇಲೆ ಗರಿಯ ಬದಲು ಮುಳ್ಳಿನಂತಹ ಕಪ್ಪು ಕೊಳವೆಗಳು ಮಾತ್ರ ಕಾಣುತ್ತಿದ್ದರೆ, ಅದು ಗೂಡಿನಲ್ಲೇ ಇರಬೇಕಾದ ಮರಿ. ಅದಕ್ಕೆ ಕಾಲೂರಿ ನಿಲ್ಲಲು ಬರುವುದಿಲ್ಲ, ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಗೂಡು ಬಿಟ್ಟ ಮರಿಯ ಲಕ್ಷಣಗಳು ಬೇರೆ. ಮೈಯೆಲ್ಲ ಗರಿ ಹೊದ್ದಿರುತ್ತದೆ, ಬಾಲ ಮಾತ್ರ ಮೋಟಾಗಿರುತ್ತದೆ, ಕಟವಾಯಿಯ ಎರಡೂ ಬದಿಗಳಲ್ಲಿ ಹಳದಿಯ ಮೆತ್ತನೆಯ ಅಂಚು ಉಬ್ಬಿಕೊಂಡಿರುತ್ತದೆ. ಬೆರಳನ್ನೋ ಕಡ್ಡಿಯನ್ನೋ ಕಾಲಿಗೆ ತಾಗಿಸಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಹಾರಲು ಹೋದರೆ ಒಂದೆರಡು ಮಾರು ದೂರಕ್ಕೆ ಜಾರಿಕೊಂಡು ಹೋಗಿ ಇಳಿಯುತ್ತದೆ. ಪಿಕಳಾರದ ಮರಿಯನ್ನು ಗುರುತಿಸುವುದು ಇನ್ನೂ ಸುಲಭ: ನೆತ್ತಿಯ ಜುಟ್ಟು ಆಗಲೇ ಚೂಪಾಗಿ ಎದ್ದಿದ್ದರೂ ಕಣ್ಣಿನ ಹಿಂದಿನ ಕೆಂಪು ಮಚ್ಚೆ ಇನ್ನೂ ಮೂಡಿರುವುದಿಲ್ಲ, ಬಾಲದ ಬುಡವೂ ದೊಡ್ಡ ಹಕ್ಕಿಯದರಂತೆ ಕಡುಗೆಂಪಾಗಿರದೆ ಮಾಸಲು ಕಿತ್ತಳೆಯಾಗಿರುತ್ತದೆ. ಇಂತಹ ಮರಿ ಎಲೆಯ ಮರೆಯಲ್ಲಿ ಅಲುಗಾಡದೆ ಕುಳಿತಿದ್ದರೆ ಅದಕ್ಕೆ ಕಾಯಿಲೆ ಎಂದು ತಿಳಿಯಬೇಕಾಗಿಲ್ಲ. ಅಲುಗಾಡದಿರುವುದೇ ಆ ವಯಸ್ಸಿನಲ್ಲಿ ಅದಕ್ಕಿರುವ ಏಕೈಕ ರಕ್ಷಣೆ.

ಗೂಡುಮರಿ ನಿಜಕ್ಕೂ ಬಿದ್ದಿದ್ದರೆ, ಗಾಯಗಳಿಲ್ಲವೆಂದು ನೋಡಿಕೊಂಡು, ಮೊದಲು ಅದರ ಹೊಟ್ಟೆಯನ್ನು ಬೆರಳ ಹಿಂಭಾಗದಿಂದ ಮುಟ್ಟಿ ನೋಡಬೇಕು. ತಣ್ಣಗಿದ್ದರೆ ನೇರವಾಗಿ ಗೂಡಿಗೆ ಹಾಕಬಾರದು. ತಣ್ಣಗಾದ ಮರಿ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಂದೆತಾಯಿ ಗುಟುಕು ಕೊಡುವುದಿಲ್ಲ. ಬೊಗಸೆಯಲ್ಲಿಟ್ಟುಕೊಂಡು, ಅಥವಾ ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಹತ್ತಿಬಟ್ಟೆ ಸುತ್ತಿ ಅದರ ಪಕ್ಕದಲ್ಲಿಟ್ಟು, ಮೈ ಬಿಸಿಯಾಗಿ ಚಲನೆ ಬಂದ ಮೇಲೆ ಗೂಡಿಗೆ ಸೇರಿಸಬೇಕು. ಗೂಡೇ ಕಿತ್ತುಬಿದ್ದಿದ್ದರೆ ಅಂಗೈ ಅಗಲದ ಒಂದು ಸಣ್ಣ ಬುಟ್ಟಿಯನ್ನು, ತಳದಲ್ಲಿ ಮಳೆನೀರು ಸೋರಿಹೋಗಲು ತೂತುಗಳಿರುವಂಥದ್ದನ್ನು, ಮೊದಲಿನ ಗೂಡು ಇದ್ದ ಕೊಂಬೆಯಲ್ಲೋ ಅದರಿಂದ ಒಂದೆರಡು ಅಡಿಯೊಳಗೋ ಭದ್ರವಾಗಿ ಕಟ್ಟಿ, ಹಳೆಯ ಗೂಡನ್ನು ಹಾಗೆಯೇ ಅದರೊಳಗೆ ಕೂರಿಸಬಹುದು. ಅದು ಚೂರಾಗಿದ್ದರೆ ಒಣಹುಲ್ಲನ್ನು ಬಟ್ಟಲಿನಂತೆ ಒತ್ತಿ ಮೆತ್ತೆ ಮಾಡಬಹುದು. ಅರಳೆ, ಉಣ್ಣೆ, ದಾರಗಳನ್ನು ಹಾಕಬಾರದು, ಮರಿಯ ಬೆರಳುಗಳಿಗೆ ಅವು ಸುತ್ತಿಕೊಳ್ಳುತ್ತವೆ. ಬುಟ್ಟಿಯ ಮೇಲೆ ಬಿಸಿಲು ನೇರವಾಗಿ ಬೀಳಬಾರದು.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಮತ್ತೆ ಹತ್ತಿರ ಸೇರಿಸುವುದಿಲ್ಲ ಎಂಬ ನಂಬಿಕೆ ಹಳ್ಳಿಯಲ್ಲೂ ಪಟ್ಟಣದಲ್ಲೂ ಬಲವಾಗಿದೆ, ಆದರೆ ಅದರಲ್ಲಿ ಸತ್ಯಾಂಶವಿಲ್ಲ. ತೋಟದ ಹಕ್ಕಿಗಳು ತಮ್ಮ ಮರಿಗಳನ್ನು ಇರುವ ಜಾಗದಿಂದ, ದನಿಯಿಂದ, ತೆರೆದ ಬಾಯಿಯ ಬಣ್ಣದಿಂದ ಕಂಡುಕೊಳ್ಳುತ್ತವೆಯೇ ಹೊರತು ಕೈವಾಸನೆ ಹಿಡಿದು ದೂರ ಮಾಡುವುದಿಲ್ಲ. ಈ ನಂಬಿಕೆಯಿಂದ ಒಂದು ಉಪಕಾರವಾಗುತ್ತಿತ್ತೆಂದು ಒಪ್ಪಬಹುದು, ಮಕ್ಕಳು ಗೂಡಿಗೆ ಕೈ ಹಾಕಲು ಅಂಜುತ್ತಿದ್ದರು. ಈಗ ಆಗುತ್ತಿರುವುದು ಮಾತ್ರ, ಒಮ್ಮೆ ಮುಟ್ಟಿಯಾಯಿತಲ್ಲ ಎಂದು ಮರಿಯನ್ನು ಮನೆಯೊಳಗೇ ಉಳಿಸಿಕೊಳ್ಳುವ ಅನಾಹುತ.

ಕಾದು ನೋಡುವುದು

ಗೂಡು ಬಿಟ್ಟ ಮರಿ ಗಾಯವಿಲ್ಲದೆ ಸಿಕ್ಕಾಗ ಮಾಡಬೇಕಾದುದು ಕಡಿಮೆ. ರಸ್ತೆ, ಅಂಗಳದ ಕಾಂಕ್ರೀಟು, ಬೈಕ್ ನಿಲ್ಲಿಸುವ ಜಾಗಗಳಲ್ಲಿದ್ದರೆ ಎತ್ತಿ, ಸಿಕ್ಕ ಜಾಗದಿಂದ ಹತ್ತು ಹದಿನೈದು ಅಡಿಯೊಳಗೆ ಇರುವ ಪೊದೆಯಲ್ಲಿ ಆಳೆತ್ತರದ ಕೊಂಬೆಗೆ ಕೂರಿಸಬೇಕು. ದೂರದ ಪಾರ್ಕಿಗೋ ಊರಾಚೆಯ ತೋಪಿಗೋ ಒಯ್ದು ಬಿಡುವುದೆಂದರೆ ಅದನ್ನು ನಿಜವಾಗಿಯೂ ಅನಾಥವಾಗಿಸಿದಂತೆ. ಆ ಬಳಿಕ ಕಿಟಕಿಯ ಹಿಂದೆ, ಅಥವಾ ಕನಿಷ್ಠ ಹತ್ತು ಮೀಟರ್ ದೂರದಲ್ಲಿ, ಕುಳಿತು ಒಂದೆರಡು ಗಂಟೆ ಕಾಯಬೇಕು. ಮರಿಯ ಪಕ್ಕದಲ್ಲೇ ನಿಂತು, ಇಷ್ಟು ಹೊತ್ತಾದರೂ ತಾಯಿ ಬರಲಿಲ್ಲ ಎನ್ನುವವರು ಬಹಳ. ತಾವು ಅಲ್ಲಿರುವುದರಿಂದಲೇ ಅದು ಬರುತ್ತಿಲ್ಲವೆಂಬುದು ಅವರಿಗೆ ಹೊಳೆಯುವುದಿಲ್ಲ. ಪಿಕಳಾರದ ಜೋಡಿ ಹತ್ತಿರದ ತಂತಿಯ ಮೇಲೆ ಕುಳಿತು ಗದರುತ್ತಿರುತ್ತದೆ. ಕೆಲವೊಮ್ಮೆ ರೆಕ್ಕೆ ಮುರಿದಂತೆ ನೆಲದಲ್ಲಿ ಹೊರಳಾಡಿ ನೋಡುವವರ ಗಮನವನ್ನು ತನ್ನತ್ತ ಸೆಳೆಯುವುದೂ ಉಂಟು.

ಗುಟುಕು ಕೊಡುವುದು ಎರಡು ಮೂರು ಸೆಕೆಂಡುಗಳ ಕೆಲಸ. ನಿಂಬೆ ಅಥವಾ ಕರಿಬೇವಿನ ಎಲೆ ತಿಂದು ಕೊಬ್ಬಿದ ಹಸಿರು ಕಂಬಳಿಹುಳುವೊಂದನ್ನು ಕಚ್ಚಿಕೊಂಡು ಬಂದ ಹಕ್ಕಿ, ಅದನ್ನು ಕೊಂಬೆಗೆ ಎಡಕ್ಕೂ ಬಲಕ್ಕೂ ಬಡಿದು ಮೆತ್ತಗಾಗಿಸುತ್ತದೆ. ಸುತ್ತ ಒಮ್ಮೆ ನೋಡುತ್ತದೆ. ಮರಿ ರೆಕ್ಕೆಗಳನ್ನು ಇಳಿಬಿಟ್ಟು ನಡುಗಿಸುತ್ತ ಬಾಯಿ ತೆರೆದಾಗ ಗಂಟಲೊಳಗೆ ತುರುಕಿ ಹಾರಿಹೋಗುತ್ತದೆ. ಅಷ್ಟರೊಳಗೆ ನೋಡುವವರ ಕಣ್ಣು ಮೊಬೈಲಿನ ಮೇಲಿದ್ದರೆ ಏನೂ ನಡೆಯಲಿಲ್ಲವೆಂದೇ ತೋರುತ್ತದೆ. ಹುಳು ಕಚ್ಚಿದ ಹಕ್ಕಿ ಒಮ್ಮೆ ಆ ಪೊದೆಯೊಳಗೆ ಹೋಗಿ ಬರಿಗೊಕ್ಕಿನಲ್ಲಿ ಹೊರಬಂದದ್ದು ಕಂಡರೆ ಕಾಯುವ ಕೆಲಸ ಮುಗಿಯಿತು.

ಎಲ್ಲ ಹಕ್ಕಿಗಳೂ ಇದೇ ಲೆಕ್ಕಕ್ಕೆ ಬರುವುದಿಲ್ಲ. ಚೋರೆಹಕ್ಕಿ ಮತ್ತು ಪಾರಿವಾಳಗಳು ತಮ್ಮ ಗಂಟಲಚೀಲದಲ್ಲಿ ಸ್ರವಿಸುವ ಹಾಲಿನಂತಹ ಆಹಾರವನ್ನು ದಿನಕ್ಕೆ ಕೆಲವೇ ಸಲ ಉಣಿಸುವುದರಿಂದ, ಅವುಗಳ ಮರಿಯ ವಿಷಯದಲ್ಲಿ ಅರ್ಧ ದಿನವಾದರೂ ತಾಳ್ಮೆ ಬೇಕು. ಗೂಬೆಗಳು ಬರುವುದು ಕತ್ತಲಾದ ಮೇಲೆ. ಹಳೆಯ ಕಟ್ಟಡದ ಸಜ್ಜೆಯಿಂದ ಇಳಿದುಬಂದ, ಬಿಳಿಯ ತುಪ್ಪುಳ ಹೊದ್ದ ಕಣಜದ ಗೂಬೆಯ ಮರಿಯನ್ನು ಕಂಡು ಅಪಶಕುನವೆಂದು ಕಲ್ಲೆಸೆಯುವವರಿಗಿಂತ, ಅದನ್ನು ಹಗಲಿಡೀ ಸುತ್ತುವರಿದು ಫೋಟೊ ತೆಗೆಯುವವರು ಇತ್ತೀಚೆಗೆ ಹೆಚ್ಚು. ಮರಿಗೆ ಎರಡೂ ಒಂದೇ. ಇನ್ನು ಹರಟೆಮಲ್ಲಗಳಲ್ಲಿ ಗುಂಪಿನ ದೊಡ್ಡ ಹಕ್ಕಿಗಳೆಲ್ಲ ಸೇರಿ ಮರಿಗೆ ಗುಟುಕು ಕೊಡುತ್ತವೆ, ಕೂಡುಕುಟುಂಬದಂತೆ. ಅಲ್ಲಿ ಗುಟುಕು ತಂದ ಹಕ್ಕಿ ತಾಯಿಯೇ ಆಗಿರಬೇಕೆಂದಿಲ್ಲ. ಕಾಗೆಯೊಂದು ತನಗಿಂತ ಬೇರೆ ರೂಪದ, ಬೇರೆ ದನಿಯ ಮರಿಗೆ ತಿನ್ನಿಸುತ್ತಿದ್ದರೆ ಅದು ಕೋಗಿಲೆಯ ಮರಿ, ಮಧ್ಯೆ ಕೈಹಾಕಬೇಕಾಗಿಲ್ಲ.

ಬಾಯಿಗೆ ಏನನ್ನೂ ಹಾಕದಿರುವುದು

ಗುಟುಕು ಕೊಡುವ ಹಂಬಲವನ್ನು ಅದುಮುವುದು ಈ ಕೆಲಸದಲ್ಲೇ ಅತ್ಯಂತ ಕಷ್ಟದ ಭಾಗ. ಹಕ್ಕಿಯ ಉಸಿರುನಾಳದ ಬಾಯಿ ಅದರ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುವುದರಿಂದ, ಡ್ರಾಪರಿನಲ್ಲೋ ಬತ್ತಿಯಲ್ಲೋ ಹನಿಸಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಅಂತಹ ಮರಿ ಆ ಕ್ಷಣಕ್ಕೆ ಚುರುಕಾಗಿ ಕಂಡರೂ ಮರುದಿನ ಉಸಿರಿಗೆ ಒದ್ದಾಡಿ ಸಾಯುತ್ತದೆ. ಗೂಡಿನಲ್ಲಿರುವಾಗಲೂ ಗೂಡು ಬಿಟ್ಟ ಮೊದಲ ದಿನಗಳಲ್ಲೂ ಮರಿಗಳಿಗೆ ಬೇಕಾದ ನೀರು ಹುಳುಹಪ್ಪಟೆ ಮತ್ತು ಹಣ್ಣಿನಿಂದಲೇ ಸಿಗುತ್ತದೆ. ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ. ಬ್ರೆಡ್ಡು, ಅನ್ನ, ಬಿಸ್ಕತ್ತುಗಳು ಹೊಟ್ಟೆ ತುಂಬಿಸುತ್ತವೆಯೇ ಹೊರತು ಎಲುಬು ಮತ್ತು ಗರಿ ಬೆಳೆಯಲು ಬೇಕಾದ ಪ್ರೋಟೀನಾಗಲಿ ಸುಣ್ಣದಂಶವಾಗಲಿ ಅವುಗಳಲ್ಲಿ ಸಾಕಷ್ಟಿರುವುದಿಲ್ಲ. ದೊಡ್ಡದಾದ ಮೇಲೆ ಹಣ್ಣನ್ನೇ ನೆಚ್ಚುವ ಪಿಕಳಾರವೂ ತನ್ನ ಎಳೆಯ ಮರಿಗಳಿಗೆ ಮೊದಮೊದಲು ತಿನ್ನಿಸುವುದು ಕಂಬಳಿಹುಳು ಮತ್ತು ಕೀಟಗಳನ್ನೇ. ಹಣ್ಣು ಬರುವುದು ಆಮೇಲೆ.

ಮನೆಯಲ್ಲಿ ಬೆಳೆಸಿದ ಮರಿ ಬದುಕುಳಿದರೂ, ಬೆಕ್ಕಿಗೆ ಹೆದರಬೇಕು, ಹದ್ದು ಬಿಜ್ಜುಗಳ ನೆರಳು ಕಂಡರೆ ಅಡಗಬೇಕು, ಯಾವ ಹಣ್ಣು ಯಾವ ಮರದಲ್ಲಿ ಎಂದು ತಿಳಿದಿರಬೇಕು ಎಂಬ ಪಾಠಗಳಿಲ್ಲದೆ ಹೊರಗೆ ಹೋಗುತ್ತದೆ. ಕಾನೂನಿನ ಮಾತೂ ಇದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ನಮ್ಮ ಕಾಡುಹಕ್ಕಿಗಳನ್ನು, ಗಿಳಿಮರಿಯೂ ಸೇರಿದಂತೆ, ಹಿಡಿದು ಸಾಕಿಕೊಳ್ಳುವುದಕ್ಕೆ ಅವಕಾಶವಿಲ್ಲ. ಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಲಿಸುವುದನ್ನೂ ಅದೇ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಕೈಯಿಕ್ಕಲೇಬೇಕಾದ ಸಂದರ್ಭಗಳು

ರಕ್ತ ಸುರಿಯುತ್ತಿರುವ, ಒಂದು ರೆಕ್ಕೆ ಜೋತುಬಿದ್ದ, ಕಾಲು ಎಳೆಯುತ್ತಿರುವ, ಬದಿಗೆ ಬಿದ್ದು ಏಳಲಾರದ, ಇರುವೆ ಮುತ್ತಿದ ಅಥವಾ ನೊಣ ಮೊಟ್ಟೆಯಿಟ್ಟ ಮರಿಯನ್ನು ತಡಮಾಡದೆ ಎತ್ತಿಕೊಳ್ಳಬೇಕು. ತಂದೆತಾಯಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರೆ, ಗೂಡುಮರಿಗಳನ್ನೂ ಹಾಗೆಯೇ. ಬೆಕ್ಕಿನ ಬಾಯಿಂದ ಬಿಡಿಸಿಕೊಂಡ ಮರಿಯಂತೂ ಹೊರನೋಟಕ್ಕೆ ಎಷ್ಟೇ ಚೆನ್ನಾಗಿ ಕಂಡರೂ ಚಿಕಿತ್ಸೆಗೆ ಹೋಗಲೇಬೇಕು. ಬೆಕ್ಕಿನ ಹಲ್ಲಿನ ಗುರುತು ಗರಿಯಡಿ ಕಾಣದಷ್ಟು ಸಣ್ಣದಿದ್ದರೂ ಅದರೊಡನೆ ಹೋದ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ನಂಜೇರಿಸಿ ಕೊಲ್ಲುತ್ತದೆ, ಅದಕ್ಕೆ ಆಂಟಿಬಯೊಟಿಕ್ ಕೊಡಬೇಕಾದವರು ಪಶುವೈದ್ಯರು. ಇಲಿ ಹಿಡಿಯುವ ಅಂಟುಹಲಗೆಗೆ ಸಿಕ್ಕಿಕೊಂಡ ಮರಿಯನ್ನು ಎಳೆದು ಬಿಡಿಸಲೂ ಬಾರದು, ಎಣ್ಣೆ ಸುರಿಯಲೂ ಬಾರದು. ಅಂಟಿನ ಉಳಿದ ಭಾಗಕ್ಕೆ ಕಾಗದ ಮುಚ್ಚಿ ಹಲಗೆಸಮೇತ ಒಯ್ಯುವುದು ಕ್ಷೇಮ.

ಒಯ್ಯುವ ಬಗೆ ಸರಳವಾಗಿದೆ. ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆ, ಒಳಗೆ ಮಡಿಸಿದ ಹತ್ತಿಬಟ್ಟೆ, ಮೇಲೆ ಮುಚ್ಚಳ; ಕತ್ತಲೂ ಸದ್ದಿಲ್ಲದ ವಾತಾವರಣವೂ ಮರಿಯ ಗಾಬರಿಯನ್ನು ಅರ್ಧ ಇಳಿಸುತ್ತವೆ. ಪಂಜರಕ್ಕೆ ಹಾಕಿದರೆ ಸರಳುಗಳಿಗೆ ಬಡಿದು ಗರಿ ಮುರಿದುಕೊಳ್ಳುತ್ತದೆ. ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಉಳಿದ ಕಡೆ ಅರಣ್ಯ ಇಲಾಖೆಯ ವಲಯ ಕಚೇರಿಯನ್ನೋ ಸರಕಾರಿ ಪಶು ಆಸ್ಪತ್ರೆಯನ್ನೋ ವಿಚಾರಿಸಬೇಕು. ಮರಿ ಸಿಕ್ಕ ಜಾಗವನ್ನು ಕರಾರುವಾಕ್ಕಾಗಿ ಬರೆದುಕೊಡುವುದನ್ನು ಮರೆಯಬಾರದು, ಏಕೆಂದರೆ ಗುಣವಾದ ಮರಿಯನ್ನು ಅಲ್ಲಿಗೇ ಮರಳಿಸಲು ಸಾಧ್ಯವಾಗುವುದು ಆ ವಿವರವಿದ್ದಾಗ ಮಾತ್ರ.

ಹಳೆಯ ಕಟ್ಟಡಗಳ ಸೂರಿನಡಿ ಗುಂಪಾಗಿ ಗೂಡು ಕಟ್ಟುವ ಬಾನಾಡಿ ಹಕ್ಕಿಯದು ಪ್ರತ್ಯೇಕ ಪ್ರಕರಣ. ಅದರ ಕಾಲುಗಳು ಗೋಡೆಗೆ ಅಂಟಿಕೊಳ್ಳಲು ಮಾತ್ರ ತಕ್ಕವು, ನೆಲಕ್ಕೆ ಬಿದ್ದರೆ ಮೇಲೇಳುವುದು ಕಷ್ಟ. ಆದುದರಿಂದ ಉದ್ದನೆಯ ಕುಡುಗೋಲಿನಂತಹ ರೆಕ್ಕೆಗಳಿರುವ ಹಕ್ಕಿ ನೆಲದಲ್ಲಿ ಸಿಕ್ಕರೆ, ಅದನ್ನು ಪೊದೆಯಲ್ಲಿ ಕೂರಿಸುವ ಸಲಹೆ ಅನ್ವಯಿಸದು. ನೇರವಾಗಿ ಬಲ್ಲವರಿಗೆ ಒಪ್ಪಿಸಬೇಕು.

ಹಿತ್ತಿಲಿನ ಸಿದ್ಧತೆ

ಗೂಡಿರುವ ಗಿಡದ ಸುತ್ತ ಕತ್ತರಿ ಆಡಿಸುವುದನ್ನು ಮರಿಗಳು ಹೊರಬಿದ್ದ ದಿನವೇ ಶುರುಮಾಡುವವರಿದ್ದಾರೆ, ಗೂಡು ಖಾಲಿಯಾಯಿತಲ್ಲ ಎಂಬ ಸಮಾಧಾನದಲ್ಲಿ. ಆದರೆ ದಾಸವಾಳದ ಬೇಲಿ, ಮಲ್ಲಿಗೆಯ ಚಪ್ಪರ, ಕಾಗದದ ಹೂವಿನ ಮುಳ್ಳುಪೊದೆಗಳು ಗೂಡಿದ್ದಾಗಿನದಕ್ಕಿಂತ ಹೆಚ್ಚು ಅಗತ್ಯವಾಗುವುದು ಈಗಲೇ. ಮುಂದಿನ ಮೂರು ವಾರವಾದರೂ ಅವನ್ನು ಹಾಗೆಯೇ ಬಿಡಬೇಕು, ಬುಡದಲ್ಲಿ ಬಿದ್ದ ತರಗೆಲೆಯನ್ನೂ ಗುಡಿಸದೆ ಇಟ್ಟರೆ ಮರಿ ಕೆದಕಿ ಕಲಿಯಲು ಹುಳುಗಳಿರುತ್ತವೆ. ನಿಂಬೆ ಮತ್ತು ಕರಿಬೇವಿನ ಗಿಡದ ಹುಳುಗಳಿಗೆ ಔಷಧಿ ಸಿಂಪಡಿಸುವುದನ್ನು ನಿಲ್ಲಿಸುವುದಂತೂ ಕಡ್ಡಾಯ: ಆ ಹುಳುಗಳೇ ಮರಿಗಳ ಊಟ.

ಬೆಕ್ಕಿನ ವಿಷಯದಲ್ಲಿ ರಾಜಿಗೆ ಜಾಗ ಕಡಿಮೆ. ಸಾಕಿದ ಬೆಕ್ಕನ್ನು ಎರಡು ವಾರ ಮನೆಯೊಳಗೇ ಇಟ್ಟುಕೊಳ್ಳಬೇಕು. ಬೆಳಗಿನ ಜಾವ ಮತ್ತು ಮುಸ್ಸಂಜೆಗಳಲ್ಲಂತೂ ಹೊರಬಿಡಲೇಬಾರದು. ಕೊರಳಿಗೆ ಗೆಜ್ಜೆ ಕಟ್ಟಿದರೆ ಸಾಕೆಂದುಕೊಳ್ಳುವುದು ಹಾರಬಲ್ಲ ಹಕ್ಕಿಗಳ ಮಟ್ಟಿಗೆ ಸ್ವಲ್ಪ ನಡೆದೀತು, ಹಾರಲಾರದ ಮರಿ ಗೆಜ್ಜೆಯ ಸದ್ದು ಕೇಳಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಬೀದಿಬೆಕ್ಕುಗಳಿದ್ದರೆ ಪೊದೆಯ ಬುಡದ ಸುತ್ತ ಕಾಗದದ ಹೂವಿನ ಅಥವಾ ನಿಂಬೆಯ ಮುಳ್ಳುಕೊಂಬೆಗಳನ್ನು ಹರಡಬಹುದು. ನಾಯಿಯನ್ನು ಸರಪಳಿಯಲ್ಲಿ ಹಿಡಿದೇ ಹಿತ್ತಿಲಿಗೆ ಕರೆತರಬೇಕು.

ನೀರಿಡುವವರು ಎರಡು ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆಯನ್ನು ಆರಿಸಿ, ನಡುವೆ ಒಂದು ಒರಟು ಕಲ್ಲನ್ನಿಟ್ಟು, ಬೆಕ್ಕು ಅಡಗಿ ಕೂರಲಾಗದಂತಹ ಬಯಲಿನಲ್ಲಿ, ಆದರೆ ಮರಿ ಹಾರಿ ಸೇರಬಲ್ಲಷ್ಟು ಹತ್ತಿರ ಪೊದೆಯಿರುವಲ್ಲಿ ಇಡಬೇಕು. ತಟ್ಟೆಗಿಂತ ಮುಖ್ಯವಾದುದು, ತೆರೆದಿಟ್ಟ ಡ್ರಮ್ಮು, ಬಕೆಟ್ಟು, ಸಂಪು ಮತ್ತು ಕಲ್ಲಿನ ತೊಟ್ಟಿಗಳನ್ನು ಮುಚ್ಚುವುದು. ಎಳೆಯ ಹಕ್ಕಿಗಳು ಅವುಗಳ ಅಂಚಿನಿಂದ ಜಾರಿ ಬಿದ್ದು, ನುಣುಪು ಗೋಡೆ ಹತ್ತಲಾರದೆ ಸಾಯುತ್ತವೆ. ಮುಚ್ಚಲಾಗದ ತೊಟ್ಟಿಯಲ್ಲಿ ಓರೆಯಾಗಿ ಒಂದು ಹಲಗೆ ಇಳಿಬಿಡಬೇಕು. ದೊಡ್ಡ ಗಾಜಿನ ಕಿಟಕಿಗಳ ಹೊರಮೈಯಲ್ಲಿ ಎರಡೆರಡು ಅಂಗುಲ ಅಂತರದಲ್ಲಿ ಸುಣ್ಣದ ಚುಕ್ಕೆಗಳನ್ನಿಟ್ಟರೆ ಆಕಾಶದ ಪ್ರತಿಬಿಂಬಕ್ಕೆ ಮೋಸಹೋಗಿ ಡಿಕ್ಕಿ ಹೊಡೆಯುವುದು ಕಡಿಮೆಯಾಗುತ್ತದೆ. ಗಾಜಿನ ಮೂಲೆಯಲ್ಲಿ ಅಂಟಿಸಿದ ಒಂದೇ ಒಂದು ಗಿಡುಗನ ಚಿತ್ರದಿಂದ ಉಪಯೋಗವಿಲ್ಲ. ಪಾರಿವಾಳ ತಡೆಯಲು ಕಟ್ಟಿದ ಬಲೆ ಸಡಿಲವಾಗಿದ್ದರೆ ಬಿಗಿಯಬೇಕು, ಗಾಳಿಪಟದ ಮಾಂಜಾ ದಾರ ಮರದಲ್ಲಿ ತೂಗುತ್ತಿದ್ದರೆ ಬಿಡಿಸಿ ಸುಡಬೇಕು.

ಬಾಲ್ಕನಿಯ ಕುಂಡದಲ್ಲಿ ಎರಡು ಎಲೆ ಹೊಲಿದು ಸಿಂಪಿಗ ಹಕ್ಕಿ ಗೂಡು ಮಾಡಿದ್ದರೆ, ಕುಂಡವನ್ನು ಕದಲಿಸದೆ, ನೀರನ್ನು ಎಲೆಗಳ ಮೇಲೆ ಸುರಿಯದೆ ಬುಡಕ್ಕೆ ಮಾತ್ರ ಹಾಕಬೇಕು. ಮಹಡಿಯ ಮನೆಗಳಲ್ಲಿ ಮರಿ ಹೊರಬಿದ್ದಾಗ ಇಳಿಯುವ ಜಾಗವೇ ಇರದು. ಬಾಲ್ಕನಿಯ ಉದ್ದಕ್ಕೂ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ, ನಡುಹಗಲಿನ ಬಿಸಿಲಿಗೆ ಒಂದು ಬದಿ ನೆರಳು ಕಟ್ಟಿದರೆ ಮರಿ ಎರಡು ದಿನ ಅಲ್ಲೇ ಇದ್ದು ರೆಕ್ಕೆ ಬಲಿಸಿಕೊಳ್ಳುತ್ತದೆ.

ಕಾಗೆಮರಿಯ ಮನೆಯವರಿಗೆ ಬೇರೆ ತಾಪತ್ರಯ. ಮರಿ ಕೆಳಗಿದ್ದಷ್ಟು ದಿನ ದೊಡ್ಡ ಕಾಗೆಗಳು ದಾರಿಹೋಕರ ತಲೆಗೆ ಕುಕ್ಕಲು ಬರುತ್ತವೆ, ಕಾಗೆ ತಲೆ ಮುಟ್ಟಿದರೆ ಕೇಡೆಂದು ನಂಬಿದವರು ಗೂಡನ್ನೇ ಕೀಳಿಸಲು ಹೊರಡುತ್ತಾರೆ. ಕೆಲವು ದಿನ ಕೊಡೆ ಹಿಡಿದು ಓಡಾಡುವುದು, ಇಲ್ಲವೆ ಆ ಬದಿಯ ಗೇಟನ್ನು ಬಳಸದಿರುವುದು ಸಾಕಾಗುತ್ತದೆ.

ಸ್ವಾವಲಂಬನೆಯ ಗುರುತುಗಳು

ಪಿಕಳಾರದ ಮರಿ ಮೊದಲ ಮೂರು ದಿನ ಬಹುತೇಕ ಒಂದೇ ಪೊದೆಯಲ್ಲಿರುತ್ತದೆ. ಸಂಜೆಯಾಗುತ್ತಿದ್ದಂತೆ ಅದು ನೆಲದಲ್ಲೇ ಇದ್ದರೆ ಮೆಲ್ಲಗೆ ಎತ್ತಿ ಕೊಂಬೆಗೆ ಸೇರಿಸುವುದು ಆ ದಿನಗಳಲ್ಲಿ ಮಾಡಬಹುದಾದ ನ್ಯಾಯವಾದ ಸಹಾಯ. ಕತ್ತಲಾದ ಮೇಲೆ ತಂದೆತಾಯಿ ಗುಟುಕು ತರುವುದಿಲ್ಲವಾದ್ದರಿಂದ, ಬೆಕ್ಕಿನ ಕಾಟ ತೀರ ಹೆಚ್ಚಿದ್ದಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ರಾತ್ರಿ ಕಳೆಸಿ ಬೆಳಕು ಹರಿಯುವ ಹೊತ್ತಿಗೆ ಅದೇ ಜಾಗಕ್ಕೆ ಬಿಡಲೂಬಹುದು. ವಾರದೊಳಗೆ ಬಾಲ ಉದ್ದವಾಗಿ, ಗಿಡದಿಂದ ಗಿಡಕ್ಕೆ ಹಾರುವುದು ನೇರವಾಗುತ್ತದೆ. ಎರಡನೆಯ ವಾರದಲ್ಲಿ ಕೇಳಿದಲ್ಲೇ ಗುಟುಕು ಬರುವುದು ನಿಂತು, ದೊಡ್ಡ ಹಕ್ಕಿ ಹುಳುವನ್ನು ಕಚ್ಚಿಕೊಂಡೇ ಮುಂದಿನ ಕೊಂಬೆಗೆ ಹೋಗಿ ಕೂರುವುದೂ ಮರಿ ಅರಚಿಕೊಂಡು ಹಿಂಬಾಲಿಸುವುದೂ ಕಾಣತೊಡಗುತ್ತದೆ. ಇದನ್ನು ನಿರ್ದಯೆಯೆಂದು ಭಾವಿಸಿ ತಟ್ಟೆಯಲ್ಲಿ ಬಾಳೆಹಣ್ಣು ಕತ್ತರಿಸಿಡಲು ಹೊರಡಬಾರದು. ಮರಿ ಹಸಿದೇ ಕಲಿಯಬೇಕು, ತಂದೆತಾಯಿ ಎಷ್ಟು ಹಸಿಯಗೊಡಬೇಕೆಂಬುದನ್ನು ಬಲ್ಲವು.

ಗಸಗಸೆ ಹಣ್ಣಿನ ಮರವಿದ್ದರೆ ಈ ಕಲಿಕೆಯನ್ನು ಸ್ಪಷ್ಟವಾಗಿ ನೋಡಬಹುದು. ದೊಡ್ಡ ಹಕ್ಕಿ ಕೆಂಪಾದ ಹಣ್ಣನ್ನು ತೊಟ್ಟಿನ ಬಳಿ ಹಿಡಿದು ಒಂದೇ ಎಳೆತಕ್ಕೆ ಕಿತ್ತು ನುಂಗುತ್ತದೆ. ಮರಿ ಮೊದಲು ಎಲೆಯನ್ನು ಕುಕ್ಕುತ್ತದೆ, ಆಮೇಲೆ ಹಸಿರು ಕಾಯಿಯನ್ನು, ಆಮೇಲೆ ತೊಟ್ಟನ್ನು. ಹಣ್ಣು ಕೊಕ್ಕಿಗೆ ಸಿಕ್ಕರೂ ಜಾರಿ ಬೀಳುತ್ತದೆ, ಬಿದ್ದದ್ದನ್ನು ಬಗ್ಗಿ ನೋಡುತ್ತ ಕೂರುತ್ತದೆ. ಕೆಲವೇ ದಿನಗಳಲ್ಲಿ ಕೆಂಪಾದದ್ದನ್ನೇ ಆರಿಸಿ ಕೀಳುವಷ್ಟು ಪಳಗುತ್ತದೆ. ರೆಕ್ಕೆ ನಡುಗಿಸಿ ಬೇಡುತ್ತ ಹತ್ತಿರ ಬಂದ ಮರಿಯನ್ನು ದೊಡ್ಡ ಹಕ್ಕಿ ಕೊಕ್ಕು ತೋರಿಸಿ ಓಡಿಸಿದ್ದು ಒಮ್ಮೆ ಕಂಡರೆ, ಅವಲಂಬನೆಯ ಕಾಲ ಮುಗಿಯುತ್ತ ಬಂದಿದೆಯೆಂದು ತಿಳಿಯಬಹುದು. ಪಿಕಳಾರಗಳು ಒಂದೇ ಋತುವಿನಲ್ಲಿ ಮತ್ತೊಮ್ಮೆ ಮರಿ ಮಾಡುವುದುಂಟು. ಮರಿಗಳನ್ನು ಓಡಿಸುತ್ತಿರುವ ಜೋಡಿಯ ಕೊಕ್ಕಿನಲ್ಲಿ ಆಗಲೇ ನಾರು, ಜೇಡರ ಬಲೆ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಹರಟೆಮಲ್ಲಗಳಲ್ಲಿ ಮಾತ್ರ ಈ ಓಡಿಸುವ ಆಟ ಕಡಿಮೆ. ಅವುಗಳ ಮರಿಗಳು ತಿಂಗಳುಗಟ್ಟಲೆ ಗುಂಪಿನಲ್ಲೇ ಉಳಿಯುತ್ತವೆ.

ಮರಿಗಳು ಹಿತ್ತಿಲಿಗೆ ತಾವಾಗಿಯೇ ಬಂದುಹೋಗುವಂತಾಗಿ, ಬೇಡುವ ಕೂಗು ಒಂದು ವಾರ ಕೇಳಿಸದಿದ್ದರೆ ಕಟ್ಟಿದ ಬುಟ್ಟಿ, ಹರಡಿದ ಮುಳ್ಳುಗಳನ್ನು ತೆಗೆಯಬಹುದು. ಪಿಕಳಾರದ ಹಳೆಯ ಗೂಡನ್ನು ತೆಗೆಯುವ ತುರ್ತಿಲ್ಲ, ಮಳೆಗೆ ತಾನಾಗಿಯೇ ಕರಗುತ್ತದೆ. ಗುಬ್ಬಚ್ಚಿಗೋ ಮಡಿವಾಳ ಹಕ್ಕಿಗೋ ಇಟ್ಟ ಪೆಟ್ಟಿಗೆಯನ್ನು ಮಾತ್ರ, ಒಳಗೆ ಹೊಸ ಮೊಟ್ಟೆಗಳಿಲ್ಲವೆಂದು ಖಚಿತಪಡಿಸಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯ ಹುಲ್ಲನ್ನು ತೆಗೆದುಹಾಕಿ, ಕುದಿನೀರು ಹೊಯ್ದು ಬಿಸಿಲಿಗೆ ಒಣಗಿಸಬೇಕು, ಏಕೆಂದರೆ ಹಕ್ಕಿಹೇನುಗಳು ಅದರ ಸಂದುಗಳಲ್ಲಿ ಉಳಿದು ಮುಂದಿನ ಮರಿಗಳಿಗೆ ಹತ್ತುತ್ತವೆ. ಬೇಲಿಗೆ ಕತ್ತರಿ ಹಾಕುವ ಮುನ್ನ ಎಲೆಗಳ ನಡುವೆ ಇನ್ನೊಂದು ಗೂಡಿದೆಯೇ ಎಂದು ನೋಡಬೇಕು. ಇದ್ದರೆ ಆ ಕೆಲಸವನ್ನು ಇನ್ನೊಂದು ತಿಂಗಳು ಮುಂದೂಡಬೇಕು.